ಮಗು ನಕ್ಕಿದ್ದು ಯಾಕೆಂದು ಯಾರೂ ಕೇಳಲಿಲ್ಲ

ಕೌಟುಂಬಿಕ ನ್ಯಾಯಾಲಯದ ಪೀಠದಲ್ಲಿ ಕುಳಿತಿರುವ ಮಾನ್ಯರೇ,

ಈ ಶನಿವಾರದಿಂದ ನನ್ನ ಮೊಮ್ಮಗಳು ಪ್ರತಿ ವಾರ ಎರಡು ರಾತ್ರಿ ತನ್ನ ಅಪ್ಪನ ಮನೆಯಲ್ಲಿ ಮಲಗಬೇಕೆಂದು ತಾವು ಆದೇಶಿಸಿದ್ದೀರಿ. ಆ ಅಪ್ಪ ಅವಳ ತಾಯಿಯ, ಎಂದರೆ ನನ್ನ ಮಗಳ, ಮುಂಗೈ ಮುರಿದವನು. ಆರು ವರ್ಷದ ಕೂಸನ್ನು ಬಚ್ಚಲಲ್ಲಿ ಕೂಡಿ ಚಿಲಕ ಹಾಕಿದವನು. ನನಗೆ ಭಯವಾಗುತ್ತಿದೆ. ಇದನ್ನು ಗೌರವದ ಭಾಷೆಯಲ್ಲಿ ಹೇಗೆ ಬರೆಯುವುದೋ ತಿಳಿಯದು. ನಾನು ಬಟ್ಟೆ ಹೊಲಿಯುವವಳು.

ತಮ್ಮ ಆದೇಶಕ್ಕೆ ಆಧಾರ ಆಪ್ತಸಮಾಲೋಚಕರ ವರದಿ. ಭೇಟಿಯ ಕೋಣೆಯಲ್ಲಿ ಅವರು ಕಣ್ಣಾರೆ ಕಂಡರಂತೆ: ಅಪ್ಪ ಒಳಗೆ ಬಂದೊಡನೆ ಮಗು ನಕ್ಕಿತು, ಓಡಿಹೋಗಿ ಅವನ ಕೈಚೀಲ ಇಸಿದುಕೊಂಡಿತು, ನೀರು ಬೇಕಾ ಎಂದು ಕೇಳಿತು. ‘ತಂದೆಯ ಮೇಲೆ ಅಪಾರ ಮಮತೆ’ ಎಂದು ಬರೆದುಬಿಟ್ಟರು. ಆಹಾ, ಎಂಥ ಸೂಕ್ಷ್ಮದೃಷ್ಟಿ! ಆಡುತ್ತಿದ್ದ ಗೊಂಬೆಯ ಕಡೆ ಮಗು ಆಮೇಲೆ ತಿರುಗಿಯೂ ನೋಡದಿದ್ದದ್ದು ಅವರಿಗೆ ಕಾಣಲಿಲ್ಲವೇ?

ಅದು ಆ ಮನೆಯ ಪದ್ಧತಿ, ಮಾನ್ಯರೇ. ಬಾಗಿಲಲ್ಲಿ ಬೀಗದ ಕೈ ಸದ್ದಾದೊಡನೆ ಅಮ್ಮ, ಮಗು ಇಬ್ಬರೂ ನಗುಮುಖ ಮಾಡಿಕೊಂಡು ನಿಲ್ಲಬೇಕು. ಮುಖ ಸಪ್ಪಗಿದ್ದರೆ ಅವತ್ತು ಕಥೆ ಮುಗೀತು. ನನ್ನ ಮಗಳೇ ಹೇಳಿಕೊಟ್ಟಿದ್ದಳು: “ಅಪ್ಪ ಬಂದ ತಕ್ಷಣ ನಗು ಪುಟ್ಟಿ, ನಕ್ರೆ ಹೊಡೆಯಲ್ಲ.” ಮಗುವನ್ನು ಉಳಿಸಲು ಕಲಿಸಿದ ನಗೆಯೇ ಈಗ ಅದನ್ನು ಅವನಿಗೊಪ್ಪಿಸುವ ಸಾಕ್ಷಿಯಾಯಿತು. ಇದನ್ನು ಹೇಳಹೋದರೆ ನಮ್ಮ ವಕೀಲರೇ ಬಾಯಿ ಮುಚ್ಚಿಸಿದರು: “ಸುಮ್ನಿರಿ ಅಮ್ಮಾ, ಮಗುಗೆ ಹೇಳಿಕೊಟ್ಟಿದ್ದೀವಿ ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ.” ಅತ್ತ ದರಿ, ಇತ್ತ ಪುಲಿ.

ಮಗು ಅತ್ತಿದ್ದರೆ ತಾಯಿ ತಲೆಕೆಡಿಸಿದ್ದಾಳೆ ಎನ್ನುತ್ತಿದ್ದಿರಿ. ನಕ್ಕರೆ ಮಮತೆ ಎಂದಿರಿ. ಹಾಗಾದರೆ ಹೆದರಿದ ಮಗು ತಮ್ಮ ನ್ಯಾಯಾಲಯದಲ್ಲಿ ಹೇಗೆ ಕಾಣಬೇಕು? ದಯವಿಟ್ಟು ತಿಳಿಸಿ, ಅದನ್ನೂ ಕಲಿಸಿಕೊಡುತ್ತೇವೆ.

ನಿನ್ನೆ ಅವಳು ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಕೇಳಿದಳು: “ಅಜ್ಜಿ, ಅಲ್ಲಿ ನಿದ್ದೆ ಮಾಡುವಾಗ್ಲೂ ನಗ್ತಾನೇ ಇರ್ಬೇಕಾ?” ಏನು ಹೇಳಲಿ ಅವಳಿಗೆ?

ಶನಿವಾರಕ್ಕೆ ಮೊದಲು ಆ ಆದೇಶವನ್ನು ತಡೆಹಿಡಿಯಿರಿ. ಅಪ್ಪ ಆ ಕಟ್ಟಡದಲ್ಲೇ ಇಲ್ಲದ ದಿನ, ಮಕ್ಕಳ ಭಯ ಬಲ್ಲ ಯಾರಾದರೂ ಅವಳನ್ನು ಮಾತಾಡಿಸಲಿ. ಅಲ್ಲಿಯವರೆಗೆ ಭೇಟಿ ಹಗಲಲ್ಲಿರಲಿ, ನಿಮ್ಮವರ ಕಣ್ಣೆದುರಿರಲಿ. ಇದಾವುದೂ ಆಗದು, ಕಳಿಸಲೇಬೇಕು ಎಂದಾದರೆ, ಮಗುವಿನ ಆ ಪ್ರಶ್ನೆಗೆ ತಾವೇ ಉತ್ತರ ಕೊಟ್ಟು ಕಳಿಸಿ. ನನ್ನಿಂದ ಆಗದು.

ಇಂತಿ,
ಹೆದರಿದಾಗ ಅಳುವುದನ್ನು ಇನ್ನೂ ಮರೆತಿಲ್ಲದ,
ಆ ಮಗುವಿನ ಅಜ್ಜಿ