ಜಾಹೀರಾತಿನ ದುಡ್ಡಿನ ಬದಲು ಬಂದ ಪೆಟ್ಟಿಗೆ

ಆಯಿಕ್ವೇ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ನೀನು ಅತ್ತ ಹೋದೆ, ಇತ್ತ ಬಾಗಿಲಿಗೆ ಶವಪೆಟ್ಟಿಗೆ ಬಂತು! ನಿನ್ನ ದೆವ್ವದ ಕಥೆಗಳ ಪತ್ರಿಕೆಗೆ ಜಾಹೀರಾತು ಕೊಟ್ಟನಲ್ಲ, ಆ ಪೆಟ್ಟಿಗೆ ಮಾಡುವ ಬಡಗಿ ಕಳಿಸಿದ್ದು. "ಯಜಮಾನ್ರ ಹತ್ರ ಜಾಹೀರಾತಿನ ದುಡ್ಡಿಲ್ಲ ಅಕ್ಕಾ, ನೀವು ಇದನ್ನೇ ಮಾರ್ಕೋಬೇಕಂತೆ" ಅಂದ ಗಾಡಿಯವನು. ಸತ್ತವರ ಕಸುಬಿಗೆ ತಕ್ಕ ಆಕಾರದ ಪೆಟ್ಟಿಗೆ ತಾನೇ ನಮ್ಮಲ್ಲಿ, ಇದು ಪುಸ್ತಕದ ಆಕಾರದ್ದು. ಪಕ್ಕದ ಮನೆಯ ಡೆಡೆ ನೀನೇ ಹೋದೆ ಅಂದುಕೊಂಡು ಎದೆ ಬಡಿದುಕೊಂಡು ಅತ್ತಳು.

ಶುಕ್ರವಾರದೊಳಗೆ ಎಂಟು ಸಾವಿರ ಸೆಡಿ ದುಡ್ಡು ಕಟ್ಟದಿದ್ದರೆ ಮೊದಲ ಸಂಚಿಕೆ ಅಚ್ಚಾಗುವುದಿಲ್ಲ, ಮುದ್ರಣಾಲಯದವರು ಶವಪೆಟ್ಟಿಗೆ ತೆಗೆದುಕೊಳ್ಳುತ್ತಾರೆಯೇ ಎಂದು ನಾನು ಕೂಗಾಡುತ್ತಿದ್ದೆ. ನಿನ್ನ ಅಜ್ಜಿ ಹೊರಗೆ ಬಂದು ಪೆಟ್ಟಿಗೆಯನ್ನು ಸವರಿ ನೋಡಿದರು. ಒಳಗೆ ಹೋಗಿ, ತಮ್ಮ ಸಾವಿಗೆಂದು ಕೂಡಿಟ್ಟಿದ್ದ ದುಡ್ಡಿನ ಗಂಟನ್ನು ತಂದು ನನ್ನ ಕೈಗಿಟ್ಟರು.

"ಇದು ನಂಗಿರ್ಲಿ. ಮೀನು ಮಾರ್ದೋಳು ಅಂತ ನನ್ನನ್ನ ಮೀನಿನ ಆಕಾರದ ಪೆಟ್ಟಿಗೇಲಿ ಕಳಿಸ್ಬೇಡಿ ಕಣೇ. ಮೀನು ನೋಡಿ ನೋಡಿ ಸಾಕಾಗಿದೆ. ಓದೋಕಂತೂ ಬರ್ಲಿಲ್ಲ, ಪುಸ್ತಕದೊಳಗೆ ಮಲಗಾದ್ರೂ ಮಲಗ್ತೀನಿ."

ಗಂಟು ಬಿಚ್ಚಿ ಎಣಿಸಿದೆ.

ದುಡ್ಡು ಅಕ್ಕಿ ಡಬ್ಬದಲ್ಲಿದೆ, ಸಾಲುತ್ತದೆ. ಮೆಕ್ಕೆಜೋಳದ ಕೆಂಕಿ ಉಂಡೆ, ಹುರಿದ ಮೀನು ಮುಚ್ಚಿಟ್ಟಿದ್ದೇನೆ. ನಾನು ಅಂಗಡಿಗೆ ಹೊರಟೆ. ಮುದ್ರಣಾಲಯಕ್ಕೆ ಓಡುವ ಮೊದಲು ಅಜ್ಜಿಯ ಪಕ್ಕ ಕೂತು ಮೊದಲ ಕಥೆ ಓದಿ ಹೇಳು. ದೆವ್ವ ಬರುವ ಜಾಗ ಹಾರಿಸಬೇಡ, ಅವರು ಹೆದರುವವರಲ್ಲ.

ನಿನ್ನ ಹೆಂಡತಿ ಕೊರ್ಕೋರ್