ಒಂದೇ ಗೆರೆ ಎಳೆದ ಸುಳ್ಳು

ಅಕ್ಕಾ,

ಈ ಕಾಗದವನ್ನು ನೀನು ಓದಲಾರೆ. ಎಡಗಣ್ಣಿಗೆ ಪಟ್ಟಿ ಇದೆ, ಬಲಗಣ್ಣಿಗೆ ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟೇ ಕಾಣುತ್ತದೆ. ನಾನೇ ಒಳಗೆ ಬಂದು ಓದಬೇಕು. ಬಾಯಿಮಾತಿನಲ್ಲಿ ಹೇಳಹೊರಟರೆ ಅರ್ಧ ನುಂಗಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದೇನೆ. ಡಾಕ್ಟರಮ್ಮ ಅರ್ಧ ಗಂಟೆ ಕೊಟ್ಟಿದ್ದಾರೆ. ಪೆನ್ನೂ ಅವರದೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಮೊದಲೇ ಕೋಳಿ ಕೆದರಿದ ಹಾಗೆ. ಇವತ್ತು ಆ ಕೋಳಿಗೂ ಹೆದರಿಕೆ.

ನನ್ನ ಬಗ್ಗೆ ನೀನು ಎಲ್ಲರ ಹತ್ತಿರವೂ ಎರಡು ಮಾತು ಹೇಳುತ್ತೀಯ. "ನಮ್ಮ ಮಿಡತೆಗೆ ಕುರ್ಚಿ ಕಂಡ್ರೆ ಆಗಲ್ಲ, ಮುಳ್ಳು ಚುಚ್ಚಿದ ಹಾಗೆ ಎದ್ದು ಓಡ್ತಾಳೆ" ಎನ್ನುವುದು ಒಂದು. "ಆದ್ರೆ ಕತ್ತು ಹಿಸುಕಿದ್ರೂ ಸುಳ್ಳು ಮಾತ್ರ ಹೊರಗೆ ಬರಲ್ಲ" ಎನ್ನುವುದು ಇನ್ನೊಂದು. ಶಾಲೆ ಬಿಟ್ಟಿದ್ದೂ ಅದೇ ಕಾರಣಕ್ಕಲ್ಲವೇ. ತಪಾಸಣೆಗೆ ಬಂದ ಸಾಹೇಬರ ಮುಂದೆ, ಉತ್ತರಗಳನ್ನು ಮೇಡಂ ನಿನ್ನೆಯೇ ಬರೆಸಿದ್ದರು ಎಂದುಬಿಟ್ಟೆ. ಕ್ಷಮೆ ಕೇಳು ಎಂದರು, ಕೇಳಲಿಲ್ಲ. ಅಮ್ಮ ಮೂರು ದಿನ ಮಾತಾಡಲಿಲ್ಲ. ನೀನು ಮಾತ್ರ ನಗುತ್ತಾ, "ಬಾ ಕಣೇ, ನನ್ನ ಜೊತೆ ಬಾಟಲಿ ತೊಳಿ. ಬಾಟಲಿಗಳು ನಿಜ ಹೇಳಿದ್ರೂ ಬೇಜಾರು ಮಾಡ್ಕೊಳಲ್ಲ" ಅಂದೆ.

ಆ ಎರಡು ಮಾತಿನಲ್ಲಿ ಮೊದಲನೆಯದು ಪೂರ್ತಿ ನಿಜ, ಅಕ್ಕ. ಎರಡನೆಯದು ಹನ್ನೊಂದು ದಿನದಿಂದ ನಿಜವಲ್ಲ.

ಅವತ್ತು ಬಾಟಲಿ ಕಾರ್ಖಾನೆಯಲ್ಲಿ ಎಲ್ಲರೂ ಊಟಕ್ಕೆ ಹೋಗಿದ್ದರು. "ಇದೊಂದು ಪೆಟ್ಟಿಗೆ ಎತ್ತಿ ನಾವೂ ಹೋಗೋಣ" ಅಂದೆ ನೀನು. ಲೇಬಲ್ಲು ಬಿಡಿಸುವ ಕಾಸ್ಟಿಕ್ ಸೋಡಾ ತೊಟ್ಟಿಯ ಮೇಲೆ ಪೆಟ್ಟಿಗೆಯ ಕೊಕ್ಕೆ ಕಳಚಿತು. ಪೆಟ್ಟಿಗೆ ಒಳಗೆ ಬಿದ್ದ ರಭಸಕ್ಕೆ ತೊಟ್ಟಿಯ ಸುಡುವ ಸೋಡಾ ನೀರು ಎದ್ದು ನಿನ್ನ ಮುಖಕ್ಕೆ ಹೊಡೆಯಿತು. ಕಣ್ಣು ಕಾಯಲೆಂದು ಕೊಟ್ಟ ಕನ್ನಡಕ ನಿನ್ನ ಹಣೆಯ ಮೇಲಿತ್ತು; ಹಬೆ ಕಟ್ಟುತ್ತದೆಂದು ನಾವೆಲ್ಲ ಹಾಗೇ ತಾನೇ ಇಟ್ಟುಕೊಳ್ಳುವುದು. ಅದೇ ಕ್ಷಣಕ್ಕೆ ಪಕ್ಕದ ತೊಳೆಯುವ ಯಂತ್ರದ ಗಂಟೆ ಹೊಡೆಯಿತು. ಅದು ನಾಲ್ಕು ನಿಮಿಷಕ್ಕೊಮ್ಮೆ ಹೊಡೆಯುತ್ತದೆ, ನಿನಗೆ ಗೊತ್ತು.

ನೀರಿನ ಪೈಪು ತೊಟ್ಟಿಯ ಆಚೆ ಇತ್ತು. ನೆಲದ ತುಂಬ ಹಬೆಯಾಡುವ ಕಾಸ್ಟಿಕ್. ಯಾರನ್ನಾದರೂ ಕರೆತರಲು ನಾನು ಹೊರಗೆ ಓಡಿದೆ.

ಈ ಕೊನೆಯ ಸಾಲಿನ ಮೇಲೆ ಈಗ ಒಂದು ಗೆರೆ ಎಳೆದಿದ್ದೇನೆ. ಸರಿಯಾದದ್ದು ಇದು: ನಾನು ಓಡಿಹೋದೆ. ಯಾರನ್ನೂ ಕರೆಯಲಿಲ್ಲ. ಹಿಂದಿನ ಅಂಗಳದಲ್ಲಿ ಖಾಲಿ ಪೆಟ್ಟಿಗೆ ಜೋಡಿಸಿಟ್ಟ ಸಂದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಿವಿ ಮುಚ್ಚಿಕೊಂಡೆ. ಆದರೂ ಕೇಳುತ್ತಿತ್ತು. "ಮಿಡತೇ, ನೀರು. ಮಿಡತೇ, ಎಲ್ಲಿದೀಯ." ಗಂಟೆ ಹೊಡೆಯಿತು. ಆಮೇಲೆ ನಿನ್ನ ದನಿ ನಿಂತುಹೋಯಿತು. ಮತ್ತೆ ಗಂಟೆ ಹೊಡೆಯಿತು. ನೀನು ಸತ್ತೇಹೋದೆ ಎಂದುಕೊಂಡೆ. ಆ ಭಯ ಕಾಸ್ಟಿಕ್ಕಿನ ಭಯಕ್ಕಿಂತ ದೊಡ್ಡದಾಯಿತು, ಅದಕ್ಕೇ ಎದ್ದೆ. ಎರಡು ಖಾಲಿ ಪೆಟ್ಟಿಗೆಗಳನ್ನು ನೆಲಕ್ಕೆ ಹಾಸಿ ದಾಟಿದೆ. ಪೈಪು ಸಿಕ್ಕಿತು. ಎಷ್ಟು ಸುಲಭವಾಗಿತ್ತು, ಅಕ್ಕ. ಆ ಪೆಟ್ಟಿಗೆಗಳು ಮೊದಲಿನಿಂದಲೂ ನನ್ನ ಬೆನ್ನಿಗೇ ಒತ್ತಿಕೊಂಡಿದ್ದವು.

ಇಲ್ಲಿಗೆ ಬಂದಾಗ ನರ್ಸಮ್ಮ ಹೊಸ ಔಷಧಿಯ ಅಧ್ಯಯನಕ್ಕೆಂದು ಕಾಗದ ತುಂಬುತ್ತಿದ್ದರು. ಸುಟ್ಟ ಮೇಲೆ ಎಷ್ಟು ಹೊತ್ತಿಗೆ ತೊಳೆದಿರಿ ಎಂಬ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲೇ ನೀನು, "ತಕ್ಷಣ. ನನ್ನ ತಂಗಿ ಇಲ್ದಿದ್ರೆ ಎರಡೂ ಕಣ್ಣು ಹೋಗ್ತಿತ್ತು" ಅಂದೆ. ನೋವು ನಿನ್ನ ಹೊತ್ತಿನ ಲೆಕ್ಕವನ್ನೇ ತಿಂದುಹಾಕಿತ್ತು. ನರ್ಸಮ್ಮ ನನ್ನ ಕಡೆ ತಿರುಗಿ, "ತಕ್ಷಣ ಅಂದ್ರೆ?" ಎಂದರು. "ಒಂದು ನಿಮಿಷದೊಳಗೆ" ಎಂದೆ. ನಾಲಿಗೆ ತೊದಲಲೂ ಇಲ್ಲ.

ಆಮೇಲಿನ ಒಂದೊಂದು ದಿನವೂ ಹೇಗಿತ್ತೆಂದರೆ, ಹನಿ ಹಾಕಲು ನರ್ಸಮ್ಮ ಬಂದಾಗಲೆಲ್ಲ ನೀನು ನನ್ನ ಕೈ ಹುಡುಕುತ್ತಿದ್ದೆ. ನಾನು ಕೊಡುತ್ತಿದ್ದೆ. ನಿನ್ನ ಬೆರಳು ನನ್ನ ನಾಡಿಯ ಮೇಲೆ ಬಿದ್ದರೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು ಅಂಗೈ ಮಾತ್ರ ಕೊಡುತ್ತಿದ್ದೆ. ಪಕ್ಕದ ಹಾಸಿಗೆಯ ಯಂತ್ರ ಟಿಣ್ ಎಂದರೆ ನನ್ನ ಕಿವಿಗೆ ಆ ಗಂಟೆಯೇ ಕೇಳುತ್ತಿತ್ತು. ಅಮ್ಮ ನೋಡಲು ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವಳೇ ಉಳಿಸಿದ್ದು" ಎನ್ನುತ್ತಿದ್ದಳು. ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋಗುತ್ತಿದ್ದೆ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. "ಕಾಗದ ಒಂದು ಹೇಳುತ್ತೆ, ಕಣ್ಣು ಇನ್ನೊಂದು ಹೇಳುತ್ತೆ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ನೀನು ನಕ್ಕೆ. "ಕಾಗದಾನೇ ನಂಬಿ ಡಾಕ್ಟ್ರೇ. ಅದನ್ನ ಬರೆಸಿದ್ದು ನನ್ನ ತಂಗಿ."

ಅಷ್ಟು ಸಾಕಾಯಿತು. ಅವರ ಹಿಂದೆಯೇ ಓಡಿ ಮೊಗಸಾಲೆಯಲ್ಲಿ ನಿಲ್ಲಿಸಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆಸಿಡ್ಡು ಮೇಲೆ ಸುಟ್ಟು ನಿಲ್ಲುತ್ತೆ. ಇದು ಹಾಗಲ್ಲ, ತೊಳೆಯೋವರೆಗೂ ಒಳಗೆ ಇಳೀತಾನೇ ಇರುತ್ತೆ" ಎಂದರು. ಬೇಗ ತೊಳೆದ ಕಣ್ಣಿಗೆ ಬರೀ ಹೊಸ ಹನಿ ಹಾಕಿ ಕಾಯುವುದು, ತಡವಾದ ಕಣ್ಣಿಗೆ ಮೊದಲೇ, ಹೆರಿಗೆಯ ಮಾಸಿನಿಂದ ತೆಗೆದ ತೆಳು ಪೊರೆ ಹೊದಿಸಿ ಹೊಲಿಯುವುದು ಅವರ ಅಧ್ಯಯನದ ಕ್ರಮವಂತೆ. ನಿನ್ನ ಕಣ್ಣನ್ನು ಕಾಯುವ ಕಡೆ ಹಾಕಿದ್ದು ನನ್ನ ಒಂದು ನಿಮಿಷ. "ಇನ್ನೂ ಎಪ್ಪತ್ತು ಜನರ ಕಣ್ಣು ಈ ಕಾಗದಗಳನ್ನ ನಂಬ್ಕೊಂಡಿದೆ. ಔಷಧೀನೇ ಸರಿಯಿಲ್ಲ ಅನ್ಕೊಳ್ತಿದ್ದೆ ನಾನು" ಎಂದರು. ಈಗ ತಡವಾಯಿತೇ ಎಂದು ಕೇಳಿದೆ. "ಆಗಿಲ್ಲ ಅಂತ ಹೇಳಲ್ಲ. ಆಯ್ತು ಅಂತಲೂ ಹೇಳಲ್ಲ."

ಆಮೇಲೆ ನಿನ್ನ ಕಾಗದ ತೆಗೆದರು. ಆ ಸುಳ್ಳನ್ನು ಅವರು ಕಾಣದ ಹಾಗೆ ಗೀಚಿಹಾಕುತ್ತಾರೆ ಎಂದುಕೊಂಡಿದ್ದೆ. "ನಮ್ಮಲ್ಲಿ ಅಳಿಸೋ ಹಾಗಿಲ್ಲ. ಒಂದೇ ಗೆರೆ ಎಳೀಬೇಕು, ಕೆಳಗಿರೋದು ಓದೋಕೆ ಬರ್ಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ" ಎನ್ನುತ್ತಾ, ಒಂದು ನಿಮಿಷ ಎಂಬುದರ ಮೇಲೆ ಗೆರೆ ಎಳೆದು ಎಂಟು ನಿಮಿಷ ಎಂದು ಬರೆದರು. ತಾರೀಕು ಹಾಕಿ ಸಹಿ ಮಾಡಿದರು. ನಾನು ಈ ಕಾಗದದಲ್ಲಿ ಗೆರೆ ಎಳೆದಿದ್ದೂ ಅವರನ್ನು ನೋಡಿಯೇ.

ಇವತ್ತೇ ಪೊರೆ ಹೊದಿಸಬೇಕಂತೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು, ಯಾಕೆ ಬದಲಾಯಿತೆಂದು ನಿನಗೆ ಹೇಳಬೇಕು. "ನಾನು ಹೇಳ್ಲಾ, ನೀನು ಹೇಳ್ತೀಯಾ?" ಎಂದರು. ನಾನೇ ಎಂದೆ. ಅವರ ಪೆನ್ನು ಕೇಳಿ ತೆಗೆದುಕೊಂಡು ಈ ಬೆಂಚಿಗೆ ಬಂದೆ.

ಅಕ್ಕ, ನಿನ್ನ ಕಣ್ಣು ಹೋಗಬಹುದು ಎಂಬುದೇ ನನ್ನ ದೊಡ್ಡ ಭಯ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಅದಕ್ಕಿಂತ ಒಂದು ಕೂದಲೆಳೆಯಷ್ಟು ದೊಡ್ಡ ಭಯ ಇನ್ನೊಂದಿದೆ. ಇದನ್ನು ಕೇಳಿ ನೀನು ಕೈ ಹಿಂದಕ್ಕೆಳೆದುಕೊಳ್ಳುತ್ತೀಯ ಎಂಬುದು. ನಾಚಿಕೆಗೇಡು, ಆದರೆ ನಿಜ.

ಅರ್ಧ ಗಂಟೆ ಮುಗಿಯುತ್ತಾ ಬಂತು, ಒಳಗೆ ಬರುತ್ತೇನೆ. ಗೆರೆ ಎಳೆದ ಸಾಲನ್ನೂ ಓದುತ್ತೇನೆ. ಓದಿ ಮುಗಿಸಿ ಸ್ಟೂಲಿನ ಮೇಲೇ ಕೂತಿರುತ್ತೇನೆ. ನೀನು ಬೈದರೂ, ಮುಖ ತಿರುಗಿಸಿದರೂ, ಹೋಗು ಎನ್ನುವವರೆಗೆ ಏಳುವುದಿಲ್ಲ. ಹೋಗು ಎಂದರೆ ಬಾಗಿಲಾಚೆಯ ಈ ಬೆಂಚಿನವರೆಗೆ, ಅಷ್ಟೇ ದೂರ.

ನಿನಗೆ ಬೆಳಕು ಬರಲಿ ಅಕ್ಕ. ಬಂದ ದಿನ ಈ ಕಾಗದವನ್ನು ನೀನೇ ಒಮ್ಮೆ ಓದು. ನಾನು ಏನಾದರೂ ಬಿಟ್ಟು ಓದಿದ್ದೆನೋ ನೋಡು.

ಇಂತಿ, ಓಡಿಹೋಗಿ ಎಂಟು ನಿಮಿಷ ತಡವಾಗಿ ಬಂದ
ನಿನ್ನ ಮಿಡತೆ