ಪೆಟ್ರೋಲ್ ಪೈಪಿನ ಪಕ್ಕದ ದೀಪ

ಪೈಪಿನ ಕಾವಲಿನ ಮುನುಸಾಮಿ ಮಾವಾ,

ನಿಮ್ಮನ್ನು ಮಾವಾ ಎಂದು ಕರೆಯಲೂ ಈಗ ನಾಚಿಕೆಯಾಗುತ್ತದೆ. ಇನ್ನೇನೆಂದು ಕರೆಯಲಿ?

ಯುದ್ಧದ ಕಾಲಕ್ಕೆ ದೊಡ್ಡಬಳ್ಳಾಪುರದ ರೈಲು ನಿಲ್ದಾಣದಿಂದ ವಿಮಾನದ ಮೈದಾನಕ್ಕೆ ಮಿಲಿಟರಿಯವರು ಪೆಟ್ರೋಲ್ ಪೈಪು ಎಳೆದಾಗ ನೀವು ಆರ್ಕಾಟಿನ ಕಡೆಯಿಂದ ಕಾವಲಿಗೆ ಬಂದಿರಿ. ಪೈಪು ತೂಬಗೆರೆ ದಾರಿಯ ನಮ್ಮ ರಾಗಿ ಹೊಲದ ಬದುವಿನಲ್ಲೇ ಹಾದುಹೋಗಿತ್ತು. ಸೀಮೆಎಣ್ಣೆಗೆ ಎಲ್ಲರೂ ಬಾಯಿ ಬಿಡುತ್ತಿದ್ದ ದಿನಗಳು. ಜಾಯಿಂಟಿನಲ್ಲಿ ಸೋರಿದ್ದನ್ನು ಸೀಮೆಎಣ್ಣೆ ಎಂದೇ ಹಿಡಿದು ಬುಡ್ಡಿಗೆ ಹಾಕಿದ ಸಾಸಲು ಹಳ್ಳಿಯವರೊಬ್ಬರು ಮೀಸೆ ಹುಬ್ಬು ಎರಡನ್ನೂ ಕಳೆದುಕೊಂಡರು. ಪೆಟ್ರೋಲ್ ಸೋರಿ ಸೇರಿದ್ದ ಗುಂಡಿಯ ನೀರು ಕುಡಿದು ಒಂದು ಎಮ್ಮೆ ಸತ್ತಿತು. ಪ್ರತಿ ಸಲವೂ ಮೇಸ್ತ್ರಿ ಬಂದು ಚಿಂದಿ ಸುತ್ತಿ, ತಂತಿ ಬಿಗಿದು ಹೋಗಿಬಿಡುತ್ತಿದ್ದ. "ಇದು ಪೈಪಾ, ಜರಡಿಯಾ?" ಎಂದು ನೀವು ಬೈಯುತ್ತಿದ್ದುದು ನಮಗೆ ಮಾತ್ರ ಕೇಳಿಸುತ್ತಿತ್ತು.

ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು ನಿಮಗೆ ಕನ್ನಡ ಕಲಿಸಿದವಳು ನಾನು. ನಿಮ್ಮ ತಮಿಳಿನ ಪೆರಿಸು ಅಂದರೆ ದೊಡ್ಡದು, ಸಿನ್ನದು ಅಂದರೆ ಚಿಕ್ಕದು. ಆದರೆ ನಮ್ಮಲ್ಲಿ ದೀಪವನ್ನು 'ಆರಿಸು' ಎನ್ನುವುದು ಅಶುಭ, 'ದೊಡ್ಡದು ಮಾಡು' ಎಂದರೇ ಆರಿಸು ಎಂದರ್ಥ. ಅದೊಂದನ್ನು ಹೇಳಿಕೊಡಲು ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಆಡಿದ ಮಾತು, ಅದನ್ನೂ ಕಲಿಸಬೇಕೆಂದು ಯಾರಿಗೆ...

ಆ ಮುಸ್ಸಂಜೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಮ್ಮನಿಗೆ ಪೈಪು ದಾಟುವ ಹಳ್ಳದಿಂದ ಪೆಟ್ರೋಲಿನ ವಾಸನೆ ಹೊಡೆಯಿತು. ನಿಮಗೆ ನೆಗಡಿ, ಗೊತ್ತೇ ಆಗಿರಲಿಲ್ಲ. ಈಚೆ ದಡದ ಕಾವಲು ಗುಡಿಸಲ ಮುಂದೆ ನಿಮ್ಮ ಲಾಟೀನು ಉರಿಯುತ್ತಿತ್ತು. "ಅಣ್ಣಾ, ದೀಪ ದೊಡ್ಡದ್ ಮಾಡು! ಬೇಗ ದೊಡ್ಡದ್ ಮಾಡು!" ಎಂದು ಅಮ್ಮ ಕೂಗಿದಳು. ದಾರಿ ಕಾಣದೆ ಕೂಗುತ್ತಿದ್ದಾಳೆ ಅಂದುಕೊಂಡಿರಾ? ಬತ್ತಿ ಏರಿಸಿಕೊಂಡು ಅವಳ ಕಡೆಗೇ ಓಡಿದಿರಿ. ಹಳ್ಳಕ್ಕೆ ಹಳ್ಳವೇ ಹೊತ್ತಿಕೊಂಡಿತು. ಆಚೆ ದಡದಲ್ಲಿದ್ದ ಅಮ್ಮ ಉಳಿದಳು.

ವಿಚಾರಣೆಗೆ ಬಂದ ಸಾಹೇಬನಿಗೆ ಮೇಸ್ತ್ರಿ, "ಕುಡ್ದಿದ್ದ ಸ್ವಾಮಿ" ಎಂದುಬಿಟ್ಟ. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮೆಲ್ಲಗೆ ಗದರಿದ. "ಸುಮ್ನಿರೇ, ನೀನೇ ದೀಪ ತರ್ಸ್ದೆ ಅಂತ ಎಳ್ಕೊಂಡ್ ಹೋಗ್ತಾರೆ." ಸುಮ್ಮನಾದೆವು ಮಾವಾ, ಮೂವರೂ. ಹೆಂಡದಂಗಡಿ ಕಂಡರೆ ದಾರಿ ಬಳಸಿ ಹೋಗುತ್ತಿದ್ದ ನಿಮ್ಮನ್ನು ಕುಡುಕನನ್ನಾಗಿ ಮಾಡಿ, ಮನೆಗೆ ಬಂದು ಹೇಗೆ ಉಂಡೆವೋ!

ನಿನ್ನೆ ನಿಮ್ಮ ಹೆಂಡತಿ ನಿಮ್ಮ ಪೆಟ್ಟಿಗೆ ಒಯ್ಯಲು ಬಂದಿದ್ದರು. ಗಂಡ ಕುಡಿದು ಸತ್ತನೆಂದೇ ಅವರಿಗೂ ಹೇಳಿದ್ದರು. ಅಮ್ಮ ಅವರ ಕಾಲ ಬಳಿ ಕುಸಿದು ನಡೆದದ್ದನ್ನೆಲ್ಲ ಹೇಳಿದಳು, ನಾನು ಬಂದಷ್ಟು ತಮಿಳಿನಲ್ಲಿ ತಿಳಿಸಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ತಮ್ಮ ಮಾತಿನಲ್ಲೇ ಅಂದರು: "ನಾವೂ ದೀಪ ಆರಿಸು ಅನ್ನುವುದಿಲ್ಲಮ್ಮ. ತಂಪು ಮಾಡು ಅನ್ನುತ್ತೇವೆ."

ನಾಳೆ ಅಪ್ಪ ಬೇಡವೆಂದರೂ ಅಮ್ಮನೂ ನಾನೂ ಸಾಹೇಬನ ಹತ್ತಿರ ಹೋಗುತ್ತೇವೆ. ನೀವು ಕುಡಿದಿರಲಿಲ್ಲ, ನಾವು ಹೇಳಿದ್ದನ್ನೇ ಮಾಡಿದಿರಿ ಎಂದು ಹೇಳುತ್ತೇವೆ.